ಸಾಫ್ಟ್‌ವೇರ್‌ಗೆ ಮೊದಲು ಒಂದು ಹಾಳೆ: ಕಾಸರಗೋಡಿನ ಕಾರ್ ಶೋರೂಮಿನಲ್ಲಿ ನನ್ನ ಅನುಭವ

ಕಾಸರಗೋಡಿನ ಒಂದು ಕಾರ್ ಡೀಲರ್‌ಶಿಪ್‌ನಲ್ಲಿ ಡೆಲಿವರಿ ಮತ್ತು ಸರ್ವಿಸ್ ಎರಡನ್ನೂ ನೋಡಿಕೊಳ್ಳುತ್ತೇನೆ. ಹೊಸ ಕಾರು ಗೇಟು ದಾಟಬೇಕಾದರೆ ಗಿರಾಕಿಯ ಹೆಸರು, ವಿಳಾಸ, ಚಾಸಿಸ್ ನಂಬರ್ ನಾಲ್ಕು ಕಡೆ ಸರಿಯಾಗಿ ಕೂರಬೇಕು. ಕಂಪನಿಯ ಡಿಎಂಎಸ್ (ಡೀಲರ್‌ನ ಮಾರಾಟ, ಸರ್ವಿಸ್ ಎಲ್ಲ ದಾಖಲಾಗುವ ಸಾಫ್ಟ್‌ವೇರ್), ನೋಂದಣಿಯ ವಾಹನ್ ಪೋರ್ಟಲ್, ವಿಮೆ, ಬ್ಯಾಂಕ್. ನಾಲ್ಕಕ್ಕೂ ನಾಲ್ಕು ಲಾಗಿನ್. ಒಂದರಲ್ಲಿ ಹಾಕಿದ್ದು ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. ನಮ್ಮ ತಲೆನೋವು ಹುಟ್ಟುವುದು ಈ ನಾಲ್ಕರ ನಡುವೆಯೇ.

ಹೆಸರಿನದ್ದೇ ತಗೊಳ್ಳಿ. ನಮ್ಮ ಕಡೆ ಆಧಾರ್‌ನಲ್ಲಿ ಹೆಸರಿನ ಹಿಂದೆ ಒಂದು ಇನಿಷಿಯಲ್ ಇರುತ್ತದೆ. ಪಾನ್ ಕಾರ್ಡಿನಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು ತಂದೆಯ ಹೆಸರೋ ಮನೆ ಹೆಸರೋ ಆಗಿರುತ್ತದೆ. ಪಾಸ್‌ಬುಕ್ಕಿನಲ್ಲಿ ಬರೇ ಹೆಸರು. ಕಾರು ಕೊಳ್ಳುವಾಗ ಪಾನ್ ಕೂಡ ಕೇಳಬೇಕಾಗುತ್ತದೆ. ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಒಂದು, ವಿಮೆಯಲ್ಲಿ ಇನ್ನೊಂದು ಹೆಸರು ಬಂದರೆ ಅದರ ಬಿಸಿ ತಟ್ಟುವುದು ಅಪಘಾತವಾಗಿ ಕ್ಲೇಮ್‌ಗೆ ಹೋದಾಗ. ಆಮೇಲೆ ಆರ್‌ಟಿಒ ಕಚೇರಿಗೆ ಅಲೆಯುವುದು ಗಿರಾಕಿಯ ಪಾಲು.

ಅದಕ್ಕೇ ನಾವು ಒಂದು ಹಾಳೆ ಮಾಡಿಕೊಂಡೆವು. ಬುಕಿಂಗ್ ದಿನವೇ ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿ ಅದನ್ನು ತುಂಬಿಸುತ್ತೇವೆ. ಆರ್‌ಸಿಯಲ್ಲಿ ಬರಬೇಕಾದ ಹೆಸರು ಅಕ್ಷರ ಅಕ್ಷರವಾಗಿ, ನಾಮಿನಿಯ ಹೆಸರು, ಆಧಾರ್‌ಗೆ ಜೋಡಿಸಿದ ಮೊಬೈಲ್ ಯಾರ ಕೈಯಲ್ಲಿದೆ, ಸಾಲ ಯಾರ ಹೆಸರಿನಲ್ಲಿ, ಕಾರು ಹೆಚ್ಚಾಗಿ ಓಡುವುದು ಎಲ್ಲಿ. ಕೊನೆಗೆ ಅವರ ಸಹಿ. ನಾಲ್ಕು ಸಾಫ್ಟ್‌ವೇರ್‌ಗೂ ಮಾಹಿತಿ ಹೋಗುವುದು ಈ ಹಾಳೆಯಿಂದ ಮಾತ್ರ. ಆಧಾರ್ ಫೋಟೋ ನೋಡಿ ಒಬ್ಬ, ಪಾನ್ ನೋಡಿ ಇನ್ನೊಬ್ಬ ಟೈಪ್ ಮಾಡುವುದು ಪೂರಾ ನಿಂತಿತು.

ಮೊಬೈಲಿನ ಪ್ರಶ್ನೆ ಯಾಕೆ ಅಂತ ಹೊರಗಿನವರು ಕೇಳಬಹುದು. ಇಲ್ಲಿ ಮನೆಗೊಬ್ಬರು ಗಲ್ಫ್‌ನಲ್ಲಿ ಇರುತ್ತಾರೆ. ಅಪ್ಪನ ಆಧಾರ್‌ಗೆ ಜೋಡಿಸಿದ ನಂಬರ್ ದುಬೈಯಲ್ಲಿರುವ ಮಗನ ಹಳೇ ಸಿಮ್ ಆಗಿರುತ್ತದೆ. ಸಾಲದ ಇ-ಸಹಿಗೆ ಒಟಿಪಿ ಬರುವುದು ಅದಕ್ಕೇ. ಡೆಲಿವರಿ ದಿನ ಮುಹೂರ್ತ ನೋಡಿಕೊಂಡು, ಹೂವಿನ ಹಾರ ಹಿಡಿದು ಮನೆಯವರೆಲ್ಲ ಬಂದು ನಿಂತಿರುವಾಗ ಈ ವಿಷಯ ಗೊತ್ತಾದರೆ ಯಾರಿಗೂ ನೆಮ್ಮದಿ ಇಲ್ಲ. ಬುಕಿಂಗ್ ದಿನವೇ ಗೊತ್ತಾದರೆ ಅಕ್ಷಯ ಕೇಂದ್ರಕ್ಕೆ (ಕೇರಳ ಸರಕಾರದ ಆನ್‌ಲೈನ್ ಸೇವಾ ಕೇಂದ್ರ) ಹೋಗಿ ನಂಬರ್ ಬದಲಾಯಿಸಿಕೊಂಡು ಬರಲು ಸಮಯ ಇರುತ್ತದೆ.

ನಂಬರ್ ಪ್ಲೇಟ್ ವಿಷಯವೂ ಇದಕ್ಕೆ ಸೇರಿದ್ದು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ನಂಬರ್ ಪ್ಲೇಟ್ ಕಡ್ಡಾಯ. ಗಾಜಿನ ಮೇಲೆ ಪೆಟ್ರೋಲ್‌ಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ ಸ್ಟಿಕ್ಕರ್ ಕೂಡ ಬೇಕು. ಅಂದರೆ ಮೊದಲು ಕಾಸರಗೋಡಿನ ಕೆಎಲ್ 14 ನಂಬರ್ ಬರಬೇಕು, ಆಮೇಲೆ ಪ್ಲೇಟ್, ಆಮೇಲೆ ಡೆಲಿವರಿ. ಹಾಗಾಗಿ ನಂಬರ್ ಬರುವ ತನಕ ನಾವು ಯಾರಿಗೂ ಗಂಟೆ ಲೆಕ್ಕದಲ್ಲಿ ಸಮಯ ಕೊಡುವುದಿಲ್ಲ. ಮೊದಮೊದಲು ಸೇಲ್ಸ್ ಹುಡುಗರಿಗೆ ಇದು ಹಿಡಿಸಲಿಲ್ಲ. ಗಿರಾಕಿಗಳಿಗೆ ಮಾತ್ರ ಬೇಗ ಅರ್ಥವಾಯಿತು.

2025ರ ಓಣಂ ನಮ್ಮನ್ನು ಚೆನ್ನಾಗಿ ಪರೀಕ್ಷೆ ಮಾಡಿತು. ಇಲ್ಲಿ ಎರಡು ಸೀಸನ್. ಮಲಯಾಳಿ ಮನೆಗಳವರು ಓಣಂಗೆ ಕಾರು ತೆಗೆಯುತ್ತಾರೆ. ಕನ್ನಡ, ತುಳು ಮನೆಗಳವರು ಜಾಸ್ತಿ ಚೌತಿಗೆ, ನವರಾತ್ರಿಗೆ. ಆ ವರ್ಷ ಜಿಎಸ್‌ಟಿ ಇಳಿಯುತ್ತದೆ ಎಂಬ ಮಾತು ಆಗಸ್ಟ್ 15ಕ್ಕೇ ಬಂತು. ತೀರ್ಮಾನ ಆದದ್ದು ಸೆಪ್ಟೆಂಬರ್ 3ಕ್ಕೆ, ತಿರುವೋಣಂ ಸೆಪ್ಟೆಂಬರ್ 5ಕ್ಕೆ, ಜಾರಿ ಆದದ್ದು ಸೆಪ್ಟೆಂಬರ್ 22ಕ್ಕೆ. ಸಣ್ಣ ಕಾರಿನ ತೆರಿಗೆ 28ರಿಂದ 18 ಶೇಕಡಾಕ್ಕೆ ಇಳಿಯುವಾಗ ಓಣಂಗೆ ಕಾರು ಒಯ್ಯಿರಿ ಅಂತ ಯಾವ ಬಾಯಿಯಲ್ಲಿ ಹೇಳುವುದು? ಬಿಲ್ ಮಾಡದೆ ಕಾಯಿರಿ ಅಂತ ನಾವೇ ಫೋನ್ ಮಾಡಿ ಹೇಳಿದೆವು. ಯಾರ್ಡ್‌ನಲ್ಲಿ ಕಾರು ನಿಂತಿದ್ದಷ್ಟು ದಿನ ಕಾರು ತರಿಸಲು ನಾವು ತೆಗೆದ ಸ್ಟಾಕ್ ಸಾಲದ ಬಡ್ಡಿ ಏರುತ್ತಿತ್ತು. ಹಳೇ ಸ್ಟಾಕಿಗೆ ಜಿಎಸ್‌ಟಿಯ ಮೇಲೆ ಕಟ್ಟಿದ ಸೆಸ್ ಮೊತ್ತ ಹೊಸ ಬಿಲ್ಲಿಗೆ ಹೊಂದಿಸಿಕೊಳ್ಳಲಾಗದೆ ಪುಸ್ತಕದಲ್ಲೇ ಉಳಿಯಿತು. ಆದರೂ ಆ ಫೋನ್ ಕರೆಗಳಿಂದ ಸಿಕ್ಕಿದ ನಂಬಿಕೆ ದೊಡ್ಡದು.

ಹೊಸ ತೆರಿಗೆ ಜಾರಿಯಾದ ದಿನವೇ ನವರಾತ್ರಿ ಶುರು. ಓಣಂನವರು, ನವರಾತ್ರಿಯವರು ಎಲ್ಲ ಒಟ್ಟಿಗೆ ಬಂದರು. ಕಾರಿನ ಬೆಲೆ ಬದಲಾದರೆ ರಸ್ತೆ ತೆರಿಗೆ, ವಿಮೆಯ ಐಡಿವಿ (ವಿಮೆಗೆ ಕಾರಿನ ಬೆಲೆ ಎಂದು ಹಿಡಿಯುವ ಮೊತ್ತ), ಬ್ಯಾಂಕಿನ ಸಾಲದ ಮೊತ್ತ ಎಲ್ಲವೂ ಬದಲಾಗಬೇಕು. ಹಳೇ ಕೊಟೇಶನ್ ಒಂದೂ ಉಪಯೋಗಕ್ಕಿಲ್ಲ. ಹಾಳೆ ಮೊದಲೇ ತುಂಬಿ ಇಟ್ಟಿದ್ದರಿಂದ ದರ ಮಾತ್ರ ಬದಲಾಯಿಸಿದರೆ ಸಾಕಾಯಿತು. ಹೆಸರು, ವಿಳಾಸ, ನಾಮಿನಿ ಮತ್ತೆ ಕೇಳುವ ಕೆಲಸ ಇರಲಿಲ್ಲ.

ಸರ್ವಿಸ್ ಕಡೆ ಕಷ್ಟ ಬೇರೆ ತರಹದ್ದು. ಪೆರ್ಲ ಕಡೆಯ ಒಬ್ಬ ಅಡಿಕೆ ಕೃಷಿಕರ ಕಾರು ಒಂದೇ ದೂರಿಗೆ ಮತ್ತೆ ಮತ್ತೆ ಬರುತ್ತಿತ್ತು. ಡಿಎಂಎಸ್‌ನಲ್ಲಿ ದೂರಿಗೆ ಒಂದು ಕೋಡ್ ಆರಿಸಬೇಕು. ಗಿರಾಕಿಯ ದೂರು ಬರೆದುಕೊಳ್ಳುವ ಅಡ್ವೈಸರ್ 'ಸಸ್ಪೆನ್ಷನ್ ಶಬ್ದ' ಅಂತ ಆರಿಸಿದ್ದ. ಟೆಕ್ನೀಷಿಯನ್ ಹೆದ್ದಾರಿಯಲ್ಲಿ ಓಡಿಸಿ ನೋಡಿದ, ಶಬ್ದ ಇಲ್ಲ. ನಾನು ಅವರನ್ನೇ ಕೂರಿಸಿ ಕೇಳಿದೆ.

"ಎಂತ ಶಬ್ದ ಭಟ್ರೇ, ಯಾವಾಗ ಬರ್ತದೆ?"

"ಅಡಿಕೆ ಗೋಣಿ ಹಾಕಿಕೊಂಡು ನಮ್ಮ ಮನೆ ಚಡವು ಹತ್ತುವಾಗ ಹಿಂದೆ ಟಕ್ ಟಕ್ ಅಂತ ಉಂಟು. ಖಾಲಿ ಹೋಗುವಾಗ ಎಂತದೂ ಇಲ್ಲ."

ಹಿಂದಿನ ಸೀಟಿನಲ್ಲಿ ಮೂವರು ಹುಡುಗರನ್ನು ಕೂರಿಸಿ, ಡಿಕ್ಕಿಯಲ್ಲಿ ಹಳೇ ಬ್ಯಾಟರಿಗಳನ್ನಿಟ್ಟು ಚಡವು, ಅಂದರೆ ಏರು ರಸ್ತೆ, ಹತ್ತಿಸಿದೆವು. ಶಬ್ದ ಬಂತು. ಸೈಲೆನ್ಸರ್ ಪೈಪನ್ನು ತೂಗು ಹಾಕುವ ರಬ್ಬರ್ ಜಗ್ಗಿ, ಹಿಂದೆ ಭಾರ ಬಿದ್ದಾಗ ಪೈಪು ಆಕ್ಸಲ್‌ಗೆ ತಾಗುತ್ತಿತ್ತು. ರಬ್ಬರ್ ಬದಲಾಯಿಸಿದ ಮೇಲೆ ಶಬ್ದ ಹೋಯಿತು.

ಅಂದಿನಿಂದ ಕಾರಿನ ದೂರು, ಕೆಲಸ ಬರೆಯುವ ಜಾಬ್ ಕಾರ್ಡಿನಲ್ಲಿ ಕೋಡ್‌ನ ಕೆಳಗೆ ಮೂರು ವಿಷಯ ಬರೆಯಲೇಬೇಕು: ಯಾವಾಗ, ಯಾವ ರಸ್ತೆಯಲ್ಲಿ, ಎಷ್ಟು ಭಾರದಲ್ಲಿ. ಗಿರಾಕಿ ಕನ್ನಡದಲ್ಲಿ ಹೇಳಲಿ, ಮಲಯಾಳದಲ್ಲೋ ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳಲಿ, ಅವರ ಮಾತನ್ನು ಅರ್ಧ ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿ ಟೆಕ್ನೀಷಿಯನ್‌ಗೆ ಕಳಿಸುತ್ತೇವೆ, ಅವರನ್ನು ಕೇಳಿಯೇ. ನನ್ನ ಪ್ರಕಾರ ನಾವು ತಂದ ಎಲ್ಲ ಬದಲಾವಣೆಗಳಲ್ಲಿ ಇದೇ ಹೆಚ್ಚು ಕೆಲಸಕ್ಕೆ ಬಂದದ್ದು. ಇದಕ್ಕೆ ಖರ್ಚೂ ಇಲ್ಲ.

ಸಿಸ್ಟಮ್ ಪೂರಾ ನಿಂತರೆ? 2024ರ ಜೂನ್‌ನಲ್ಲಿ ಅಮೆರಿಕದಲ್ಲಿ ಸಿಡಿಕೆ ಗ್ಲೋಬಲ್ ಎಂಬ ಸಾಫ್ಟ್‌ವೇರ್ ಕಂಪನಿಯ ಮೇಲೆ ಸೈಬರ್ ದಾಳಿ ಆಯಿತು. ಉತ್ತರ ಅಮೆರಿಕದ ಸುಮಾರು 15,000 ಡೀಲರ್‌ಶಿಪ್‌ಗಳು ಅದನ್ನೇ ನಂಬಿಕೊಂಡಿದ್ದವು. ಜುಲೈ ಆರಂಭದ ತನಕ ಎಷ್ಟೋ ಕಡೆ ಪೆನ್ನು ಕಾಗದದಲ್ಲಿ ಕೆಲಸ ನಡೆಯಿತು. ಆ ಸುದ್ದಿ ಓದಿದ ಮೇಲೆ ನಾವೂ ತಯಾರಿ ಮಾಡಿಕೊಂಡೆವು. ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಒಟ್ಟಿಗೆ ಹೋಗುವ ಊರು ನಮ್ಮದು, ದಾಳಿಯೇ ಆಗಬೇಕೆಂದಿಲ್ಲ. ಮೂರು ಪ್ರತಿಯ ಜಾಬ್ ಕಾರ್ಡ್ ಪುಸ್ತಕ, ಬೇರೆ ಸರಣಿ ಸಂಖ್ಯೆಯ ಕೈಬಿಲ್ ಪುಸ್ತಕ ಕೌಂಟರಿನಲ್ಲೇ ಇವೆ. ಸಂಜೆ ಬಾಗಿಲು ಹಾಕುವ ಮೊದಲು ಪಾರ್ಟ್ಸ್ ಸ್ಟಾಕಿನ ಪಟ್ಟಿಯನ್ನು ಯಾವ ಪಾರ್ಟ್ ಯಾವ ಗೂಡಿನಲ್ಲಿದೆ ಎಂಬುದರ ಸಮೇತ ಪ್ರಿಂಟ್ ತೆಗೆಯುತ್ತೇವೆ. ಹೊಸದಾಗಿ ಸೇರಿದ ಅಡ್ವೈಸರ್ ಮೊದಲು ಕಲಿಯುವುದು ಕೈಯಲ್ಲಿ ಜಾಬ್ ಕಾರ್ಡ್ ಬರೆಯುವುದನ್ನು, ಆಮೇಲೆ ಡಿಎಂಎಸ್.

ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ 66 ಆರು ಪಥ ಆದ ಮೇಲೆ ಸರ್ವಿಸ್ ರಸ್ತೆಗೆ ಎಲ್ಲಿ ಇಳಿಯಬೇಕೆಂದು ತಿಳಿಯದೆ ಗಿರಾಕಿ ಶೋರೂಮು ದಾಟಿ ಮುಂದೆ ಹೋಗುತ್ತಾರೆ. ಅಪಾಯಿಂಟ್‌ಮೆಂಟ್ ಮೆಸೇಜಿನ ಜೊತೆ ಇಳಿಯುವ ಜಾಗದ ಲೊಕೇಶನ್ ಕಳಿಸುತ್ತೇವೆ. ಸಣ್ಣ ವಿಷಯ, ಆದರೆ ಬೆಳಗ್ಗೆ ಸರ್ವಿಸ್ ಬೇ (ಕಾರು ನಿಲ್ಲಿಸಿ ಕೆಲಸ ಮಾಡುವ ಜಾಗ) ಖಾಲಿ ಬೀಳುವುದು ಕಡಿಮೆಯಾಯಿತು.

ಇನ್ನು ಗಡಿಯ ವಿಷಯ. ಮಂಜೇಶ್ವರ ಕಡೆಯ ಎಷ್ಟೋ ಜನರಿಗೆ ಕೆಲಸ ಮಂಗಳೂರಿನಲ್ಲಿ. ಅಲ್ಲಿನ ವಿಳಾಸದಲ್ಲಿ ಮಂಗಳೂರಿನ ಕೆಎ 19 ನಂಬರ್ ತೆಗೆದರೆ ಆಯಿತಲ್ವಾ ಅಂತ ಕೇಳುತ್ತಾರೆ. ಬೇರೆ ರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಇಲ್ಲಿ ಮರುನೋಂದಣಿ ಮಾಡಬೇಕು, ಎನ್‌ಒಸಿ (ನಿರಾಕ್ಷೇಪಣಾ ಪತ್ರ), ತೆರಿಗೆ ಎಲ್ಲ ಬರುತ್ತದೆ ಎಂದು ತಿಳಿಸಿ ಹೇಳುತ್ತೇನೆ. ಹಾಳೆಯಲ್ಲಿ 'ಕಾರು ಓಡುವುದು ಎಲ್ಲಿ' ಎಂಬ ಸಾಲು ಇರುವುದು ಈ ಮಾತು ಮೊದಲೇ ಆಗಲಿ ಎಂದು. ಮಾರಾಟ ಕೈತಪ್ಪಿದರೂ ಸರಿ, ಅವರಿಗೆ ಸತ್ಯ ಗೊತ್ತಿರಬೇಕು.

ಈಗ ನಾನು ಹೆಚ್ಚು ಸಮಯ ಕೊಡುತ್ತಿರುವುದು ವಿದ್ಯುತ್ ಕಾರುಗಳಿಗೆ. ಹೈ ವೋಲ್ಟೇಜ್ ತರಬೇತಿ ಆಗದವರು ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ ಮುಟ್ಟುವಂತಿಲ್ಲ ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ತರಬೇತಿ ಪಡೆದ ಹುಡುಗ ಗಲ್ಫ್‌ಗೆ ಹೊರಟರೆ ಮತ್ತೆ ಮೊದಲಿನಿಂದ ಶುರು. ಅದಕ್ಕೇ ಈ ತರಬೇತಿಗೆ ಯಾವಾಗಲೂ ಇಬ್ಬರನ್ನು ಒಟ್ಟಿಗೆ ಕಳಿಸುತ್ತೇವೆ. ಇನ್ನೊಂದು ಕಷ್ಟ ಗಿರಾಕಿಯ ಮನೆಯಲ್ಲಿ. ಮುರಕಲ್ಲಿನ (ಕೆಂಪುಕಲ್ಲಿನ) ನೆಲ ಬೇಸಗೆಯಲ್ಲಿ ಒಣಗಿದರೆ ಅರ್ತಿಂಗ್ ಕೈಕೊಡುತ್ತದೆ. ಚಾರ್ಜರ್ ಕೆಂಪು ದೀಪ ತೋರಿಸಿ ನಿಲ್ಲುತ್ತದೆ, ಗಿರಾಕಿ ಕಾರೇ ಹಾಳು ಅಂದುಕೊಳ್ಳುತ್ತಾರೆ. ಹಾಗಾಗಿ ವಿದ್ಯುತ್ ಕಾರು ಬುಕ್ ಮಾಡಿದವರ ಮನೆಗೆ ಡೆಲಿವರಿಗೆ ಮೊದಲೇ ನಮ್ಮ ಎಲೆಕ್ಟ್ರೀಷಿಯನ್ ಹೋಗಿ ಅರ್ತಿಂಗ್ ಅಳೆದು ಬರುತ್ತಾನೆ. ಬೇಕಾದರೆ ಹೊಸ ಅರ್ತ್ ಗುಂಡಿ ತೋಡಿಸಲು ಹೇಳುತ್ತಾನೆ. ಆ ಅಳತೆಯನ್ನೂ ಈಗ ಅದೇ ಹಾಳೆಯಲ್ಲಿ ಬರೆದಿಡುತ್ತೇವೆ.