ಏಪ್ರಿಲ್ ಬಿಸಿಲಿನಲ್ಲಿ ಜಿಪ್ಸಂ ಬೋರ್ಡಿನ ಸಂದು ತುಂಬಿದ ಅನುಭವ

ನಾನು ಫಾಲ್ಸ್ ಸೀಲಿಂಗ್ ಕೆಲಸ ಕಲಿತದ್ದು ತೀರ್ಥಹಳ್ಳಿ, ಹೊಸನಗರದ ಕಡೆ. ಅಲ್ಲಿ ಮಳೆಗಾಲದಲ್ಲಿ ಜಿಪ್ಸಂ ಬೋರ್ಡುಗಳ, ಅಂದರೆ ಎರಡೂ ಬದಿಗೆ ಕಾಗದ ಹೊದಿಸಿದ ಜಿಪ್ಸಂ ಹಲಗೆಗಳ, ಸಂದಿಗೆ ಹಚ್ಚಿದ ಕಾಂಪೌಂಡ್ (ಸಂದು ತುಂಬುವ ಲೇಪ) ಎರಡು ದಿನ ಕಳೆದರೂ ಬೆರಳಿಗೆ ತಣ್ಣಗೆ ತಾಗುತ್ತಿತ್ತು. ಒಣಗುವವರೆಗೆ ಕಾಯುವುದೇ ನಾವು ಕಲಿತ ಮೊದಲ ಪಾಠವಾಗಿತ್ತು. ಹಾಗಾಗಿ ಒಂದು ಏಪ್ರಿಲ್‌ನಲ್ಲಿ ಶಿವಮೊಗ್ಗದ ವಿನೋಬನಗರದ ಮನೆಯೊಂದರಲ್ಲಿ ಮೇಲ್ಮಹಡಿಯ ಎರಡು ಕೋಣೆಗಳ ಸೀಲಿಂಗ್ ಮತ್ತು ಒಂದು ಅಡ್ಡಗೋಡೆಯ ಕೆಲಸ ಒಪ್ಪಿಕೊಂಡಾಗ, ಬಿಸಿಲಿರುವುದರಿಂದ ಕೆಲಸ ಬೇಗ ಮುಗಿಯುತ್ತದೆ ಎಂದು ಲೆಕ್ಕ ಹಾಕಿದ್ದೆ.

ಆ ಮನೆಯ ಕಿಟಕಿಗಳಿಗೆ ಇನ್ನೂ ಗಾಜು ಕೂರಿಸಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಾರಸಿ ಕಾದು, ಬಿಸಿಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಗೆ ಹಾಯುತ್ತಿತ್ತು. ನಾವು ತಂದಿದ್ದು ನೀರಿನಲ್ಲಿ ಕಲಸಿ ಬಳಸುವ, ತಾನಾಗಿ ಸೆಟ್ ಆಗುವ ಪುಡಿ. ಮೊದಲ ದಿನ ಬೆಳಿಗ್ಗೆ ಹತ್ತರಿಂದ ಸಂಜೆಯವರೆಗೆ ಎಲ್ಲ ಸಂದುಗಳಿಗೂ ಕಾಂಪೌಂಡ್ ತುಂಬಿ ಪೇಪರ್ ಟೇಪ್ ಕೂರಿಸಿದೆವು. ಮರುದಿನ ನೋಡಿದರೆ ಹಲವು ಕಡೆ ಟೇಪಿನ ಅಂಚು ಎದ್ದಿತ್ತು, ಸಂದಿನ ಉದ್ದಕ್ಕೂ ಕೂದಲೆಳೆಯಂಥ ಬಿರುಕು ಓಡಿತ್ತು, ಉಗುರಿನಿಂದ ಕೆರೆದರೆ ಕಾಂಪೌಂಡ್ ಸೀಮೆಸುಣ್ಣದ ಹಾಗೆ ಪುಡಿಯಾಗಿ ಉದುರುತ್ತಿತ್ತು.

ಒಣಗುವುದು ಬೇರೆ, ಸೆಟ್ ಆಗುವುದು ಬೇರೆ ಎಂಬುದು ನನಗೆ ಮನದಟ್ಟಾದದ್ದು ಆ ಪುಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡಾಗ. ಜಿಪ್ಸಂನ ತೂಕದಲ್ಲಿ ಸುಮಾರು ಶೇ. 21ರಷ್ಟು ನೀರು ಸೇರಿಕೊಂಡಿರುತ್ತದೆ. ಕಾಯಿಸಿ ಅದರ ಬಹುಪಾಲನ್ನು ತೆಗೆದಾಗ ಸಿಗುವುದು ಪ್ಲಾಸ್ಟರ್ ಆಫ್ ಪ್ಯಾರಿಸ್. ಸೆಟ್ ಆಗುವ ಕಾಂಪೌಂಡಿನ ಜೀವ ಇರುವುದು ಇದರಲ್ಲೇ. ನಾವು ನೀರು ಬೆರೆಸಿದಾಗ ಅದು ಕಳೆದುಕೊಂಡ ನೀರನ್ನು ಮರಳಿ ಹೀರಿ, ಹರಳುಗಟ್ಟಿ, ಮತ್ತೆ ಜಿಪ್ಸಂ ಆಗುತ್ತದೆ. ಆ ಕೆಲಸ ಮುಗಿಯುವ ಮೊದಲೇ ಬಿಸಿಗಾಳಿಯೂ ಬೋರ್ಡಿನ ಕಾಗದವೂ ನೀರನ್ನು ಎಳೆದುಕೊಂಡುಬಿಟ್ಟರೆ ಉಳಿಯುವುದು ಬಿಗಿಯಿಲ್ಲದ ಪುಡಿ ಮಾತ್ರ. ಸಿಮೆಂಟ್ ಗಿಲಾವಾದರೆ ನೀರು ಹಾಯಿಸಿ ಉಳಿಸಿಕೊಳ್ಳಬಹುದು. ಬೋರ್ಡನ್ನು ಹಾಗೆ ತೋಯಿಸುವಂತಿಲ್ಲ. ಕಲಸಿದ ನೀರನ್ನೇ ಅಷ್ಟು ಹೊತ್ತು ಕಾಪಾಡಿಕೊಳ್ಳಬೇಕು.

ಸಡಿಲಾಗಿದ್ದ ಟೇಪನ್ನೆಲ್ಲ ಕಿತ್ತು, ಸಂದುಗಳನ್ನು ಕೆರೆದು, ಒಣ ಬ್ರಶ್ಶಿನಿಂದ ಧೂಳು ತೆಗೆದೆವು. ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಬೀಸುಗಾಳಿ ತಡೆದು, ನೆಲಕ್ಕೆ ಒದ್ದೆ ಗೋಣಿಚೀಲ ಹಾಸಿದೆವು. ಕೆಲಸದ ಹೊತ್ತನ್ನೂ ಬದಲಿಸಿ, ಬೆಳಿಗ್ಗೆ ಆರರಿಂದ ಹತ್ತರವರೆಗೆ ಮತ್ತು ಸಂಜೆ ಐದರ ನಂತರ ಮಾತ್ರ ಕಾಂಪೌಂಡ್ ಹಚ್ಚುವ ಬ್ಲೇಡ್ ಹಿಡಿದೆವು. ತಾರಸಿಯ ಟ್ಯಾಂಕಿನ ನೀರು ಕೈಗೆ ಬೆಚ್ಚಗಿರುತ್ತಿತ್ತು. ಬೆಚ್ಚಗಿನ ನೀರಿನಲ್ಲಿ ಕಲಸಿದರೆ ಕಾಂಪೌಂಡ್ ಇನ್ನೂ ಬೇಗ ಬಿಗಿಯುವುದರಿಂದ ಬಾವಿಯಿಂದ ಸೇದಿದ ನೀರನ್ನೇ ಬಳಸಿದೆವು. ಇಪ್ಪತ್ತು ನಿಮಿಷದಲ್ಲಿ ಮುಗಿಯುವಷ್ಟನ್ನು ಮಾತ್ರ ಕಲಸಿ, ಪ್ರತಿ ಸಲವೂ ಬಕೆಟ್ಟನ್ನು ಪೂರ್ತಿ ತೊಳೆದೆವು. ಹಳೆಯ, ಸೆಟ್ ಆದ ಚೂರುಗಳು ಉಳಿದರೆ ಹೊಸ ಮಿಶ್ರಣ ಹೊತ್ತಿಗೆ ಮುಂಚೆಯೇ ಗಟ್ಟಿಯಾಗುತ್ತದೆ.

ನನ್ನ ಜೊತೆಗಿದ್ದ ಹುಡುಗ "ಅಣ್ಣಾ, ಗಟ್ಟಿ ಆಗ್ತಾ ಇದೆ, ಸ್ವಲ್ಪ ನೀರು ಹಾಕ್ಲಾ?" ಎಂದು ಪದೇ ಪದೇ ಕೇಳುತ್ತಿದ್ದ. ಒಮ್ಮೆ ಬಿಗಿಯಲು ತೊಡಗಿದ ಕಾಂಪೌಂಡಿಗೆ ಮತ್ತೆ ನೀರು ಹಾಕಿದರೆ ಅದು ಮೆತ್ತಗಾದಂತೆ ಕಂಡರೂ ಆಗಲೇ ಕಟ್ಟಿಕೊಂಡ ಹರಳುಗಳು ಮುರಿದು ಬಲ ಹೋಗಿರುತ್ತದೆ. ಉಳಿದದ್ದನ್ನು ಚೆಲ್ಲುವುದೇ ಸರಿ ಎಂದು ಅವನಿಗೆ ತೋರಿಸಿಕೊಟ್ಟೆ. ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ, ಹಾಗಾಗಿಯೇ ಸ್ವಲ್ಪ ಸ್ವಲ್ಪವೇ ಕಲಸಬೇಕು.

ಟೇಪಿನ ವಿಷಯದಲ್ಲಿ ನಾನು ಈಗ ಹೆಚ್ಚು ಎಚ್ಚರ ವಹಿಸುತ್ತೇನೆ. ಮೊದಲು ಸಂದಿನ ಬಿರುಕನ್ನಷ್ಟೇ ತುಂಬಿ ಸೆಟ್ ಆಗಲು ಬಿಟ್ಟು, ಆಮೇಲೆ ತುಸು ತೆಳು ಹದದ ಕಾಂಪೌಂಡನ್ನು ಸುಮಾರು ನಾಲ್ಕು ಇಂಚು ಅಗಲಕ್ಕೆ ಹಚ್ಚಿ, ಪೇಪರ್ ಟೇಪನ್ನು ನೀರಿನಲ್ಲಿ ಅದ್ದಿ ಬೆರಳ ಸಂದಿಯಲ್ಲಿ ಎಳೆದು, ನೀರು ತೊಟ್ಟಿಕ್ಕದಂತೆ ಮಾಡಿಕೊಂಡು ಕೂರಿಸುತ್ತೇನೆ. ಒಣ ಕಾಗದ ತನ್ನ ಅಡಿಯ ನೀರನ್ನು ತಾನೇ ಕುಡಿದು ಅಂಚಿನಲ್ಲಿ ಏಳುತ್ತದೆ. ಒಂದೇ ಸಲಕ್ಕೆ ಎಲ್ಲ ಸಂದುಗಳಿಗೂ ಹಚ್ಚಿಟ್ಟು ಆಮೇಲೆ ಟೇಪ್ ಹಿಡಿದು ಹೊರಡದೆ, ಒಂದು ಸಂದಿಗೆ ಹಚ್ಚಿದ ಕೂಡಲೇ ಅದಕ್ಕೆ ಟೇಪ್ ಹಾಕಿ ಮುಂದಕ್ಕೆ ಹೋಗುತ್ತೇನೆ.

ಮೇಲಿನ ಎರಡು ಕೋಟುಗಳಿಗೆ ಬಕೆಟ್ಟಿನಲ್ಲೇ ಸಿದ್ಧವಾಗಿ ಬರುವ, ಒಣಗಿ ಗಟ್ಟಿಯಾಗುವ ಕಾಂಪೌಂಡ್ ಬಳಸಿದೆವು. ಇದು ಒಣಗುವಾಗ ಕುಗ್ಗುತ್ತದೆ. ಬಿಸಿಲಿಗೆ ಮೇಲ್ಮೈ ಬೇಗ ಬಿಳುಪಾದರೂ ದಪ್ಪವಾಗಿ ಹಚ್ಚಿದ ಕಡೆ ಒಳಗೆ ಹಸಿ ಉಳಿದು ಆಮೇಲೆ ಬಾಯಿ ಬಿಡುತ್ತದೆ. ಆದ್ದರಿಂದ ತೆಳುವಾಗಿ, ಎಂಟು ಇಂಚು, ಬಳಿಕ ಹನ್ನೆರಡು ಇಂಚು ಅಗಲಕ್ಕೆ ಎಳೆದು, ನಡುವೆ ಒಂದು ರಾತ್ರಿ ಬಿಟ್ಟೆವು. ಬಕೆಟ್ಟಿನಲ್ಲಿ ಉಳಿದದ್ದರ ಮೈಗೆ ಅಂಟುವಂತೆ ಪ್ಲಾಸ್ಟಿಕ್ ಹಾಳೆ ಒತ್ತಿ, ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹಾಕಿಡುತ್ತಿದ್ದೆವು.

ಜೂನ್ ಕೊನೆಯಲ್ಲಿ ಮಳೆ ಹಿಡಿದ ಮೇಲೆ ಹೋಗಿ, ಟಾರ್ಚನ್ನು ಸೀಲಿಂಗಿಗೆ ಅಡ್ಡಲಾಗಿ ಹಿಡಿದು ಒಂದೊಂದೇ ಸಂದನ್ನು ನೋಡಿದೆ. ಎರಡನೆಯ ಕೋಣೆಯ ಮೂಲೆಯಲ್ಲಿ ಒಂದು ಗೇಣಿನಷ್ಟು ಬಿರುಕು ಕಂಡಿತು; ಅಲ್ಲಿ ಬೋರ್ಡಿನ ಸ್ಕ್ರೂ ಅದನ್ನು ಹಿಡಿದಿಡುವ ಲೋಹದ ಚಾನೆಲ್ಲಿಗೆ ಕಚ್ಚಿರಲಿಲ್ಲ. ಅದನ್ನು ಬಿಗಿದು, ಕೆರೆದು, ಮತ್ತೆ ಟೇಪ್ ಹಾಕಿ ಬಂದೆ.