ಬೈದವರ ವೋಟು ಎಲ್ಲಿಗೂ ಹೋಗುವುದಿಲ್ಲ

ಸಂಕದ, ಅಂದರೆ ಕಾಲುಸೇತುವೆಯ, ಆಚೆ ಮನೆಯ ಅಕ್ಕ ನನಗೆ ಬೈದಷ್ಟು ಇನ್ಯಾರೂ ಬೈದಿಲ್ಲ. ಅಂಗಳಕ್ಕೆ ಕಾಲಿಡುವ ಮೊದಲೇ ಶುರು. "ಬಂದೆಯಾ? ವೋಟು ಬಂತು ಅಂತ ಗೊತ್ತಾಯ್ತು ಬಿಡು. ನಿನ್ನ ಸಂಕ ಎಲ್ಲಿ ಮಾರಾಯ? ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡು ತೋಡು ದಾಟಿದ್ದೇನೆ. ಈಗ ಅವಳ ಮಗುವನ್ನು ಎತ್ತಿಕೊಂಡು ದಾಟ್ತಿದ್ದೇನೆ." ನಾನು ಮಾತಾಡದೆ ಜಗಲಿಯಲ್ಲಿ ಕೂರುತ್ತಿದ್ದೆ. ಬೈದು ಮುಗಿದ ಮೇಲೆ ಬೆಲ್ಲ, ನೀರು. ಆಮೇಲೆ ಚಾ. ಅಂಗಳ ಇಳಿದ ಮೇಲೆ ವೋಟರ್ ಪಟ್ಟಿ ತೆಗೆದು ಆ ಮನೆಯ ನಾಲ್ಕು ಹೆಸರಿಗೂ ಪೆನ್ಸಿಲಿನಲ್ಲಿ ಟಿಕ್ ಹಾಕುತ್ತಿದ್ದೆ.

ಕೇರಳದ ಗಡಿಯಲ್ಲಿರುವ ಮಂಜೇಶ್ವರ ಕ್ಷೇತ್ರದ ಒಂದು ಬೂತಿನಲ್ಲಿ ನಾನು ಈ ಕೆಲಸ ಮಾಡಿದ್ದು 1995ರ ಪಂಚಾಯತು ಚುನಾವಣೆಯಿಂದ 2021ರ ವಿಧಾನಸಭೆ ಚುನಾವಣೆವರೆಗೆ. ಪಕ್ಷ ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಮುಂದಿನದ್ದನ್ನು ನೀವು ಬೇರೆ ಕಣ್ಣಿನಿಂದ ಓದುತ್ತೀರಿ. ಎದುರಿನ ಪಕ್ಷದ ಹುಡುಗರು ಮಾಡುತ್ತಿದ್ದದ್ದೂ ಇದನ್ನೇ.

ಗುಪ್ತ ಮತದಾನ ಅಲ್ವಾ, ಟಿಕ್ ಸರಿ ಅಂತ ಹೇಗೆ ಗೊತ್ತು ಅಂತ ಕೇಳಬಹುದು. ಒಂದೊಂದು ಮನೆಯದ್ದು ಗೊತ್ತಾಗುವುದಿಲ್ಲ. ಆದರೆ ಎಣಿಕೆಯಲ್ಲಿ ಪ್ರತಿ ಬೂತಿನ ಲೆಕ್ಕ ಬೇರೆಯಾಗಿಯೇ ಸಿಗುತ್ತದೆ. ನನ್ನ ಟಿಕ್ ಎಷ್ಟು, ಮೆಷಿನಿನಲ್ಲಿ ಬಂದದ್ದು ಎಷ್ಟು ಅಂತ ರಾತ್ರಿ ಕೂತು ನೋಡುತ್ತಿದ್ದೆ. ಹತ್ತು ಹನ್ನೆರಡು ವೋಟು ಆಚೆ ಈಚೆ, ಅಷ್ಟೇ.

ಇನ್ನು ಸಂಕದ ಕಥೆ. ನಮ್ಮ ವಾರ್ಡಿನಲ್ಲಿ ಒಂದು ತೋಡು ಉಂಟು. ಬೇಸಿಗೆಯಲ್ಲಿ ಮೊಣಕಾಲಿಗೂ ನೀರಿಲ್ಲ. ಜೂನಿನಲ್ಲಿ ಎರಡು ದಿನ ಜೋರು ಮಳೆ ಬಂದರೆ ಆಚೆಯ ಹನ್ನೊಂದು ಮನೆಗಳಿಗೆ ದಾರಿಯೇ ಇಲ್ಲ. ನಾಲ್ಕು ಅಡಿಕೆ ಮರ ಅಡ್ಡ ಹಾಕಿ, ಕೈಹಿಡಿಗೆ ಬಿದಿರು ಕಟ್ಟಿದ ಕಾಲುಸಂಕವೇ ಗತಿ. ಎರಡು ಮಳೆಗಾಲಕ್ಕೆ ಮರ ಕುಂಬಾಗುತ್ತದೆ, ಮತ್ತೆ ಹೊಸ ಮರ. ಅಲ್ಲಿ ಕಾಂಕ್ರೀಟು ಸಂಕ ಮಾಡಿಸುತ್ತೇವೆ ಅಂತ ನಮ್ಮ ನಾಯಕರು ಅದೇ ಜಗಲಿಯಲ್ಲಿ ಕೂತು ಹೇಳಿದ್ದರು. ಒಮ್ಮೆ ಟೇಪು ಹಿಡಿದುಕೊಂಡು ಜನ ಬಂದರು, ಅಳೆದರು, ಮೂರು ಗೂಟ ಹೊಡೆದು ಹೋದರು. ಅಷ್ಟೇ. ಗೂಟಕ್ಕೆ ಪಾಚಿ ಹಿಡಿಯಿತು. ಮುಂದಿನ ಮೂರು ಚುನಾವಣೆಯಲ್ಲಿ ನಾನು ಆ ಗೂಟಗಳನ್ನೇ ತೋರಿಸಿದೆ. "ಕೆಲಸ ಶುರುವಾಗಿದೆ ಅಕ್ಕಾ, ಗೂಟ ಬಿದ್ದಿದೆಯಲ್ಲಾ." ಒಂದು ಗೂಟ ನೆರೆಗೆ ಹೋದ ಮೇಲೆ ಎರಡನ್ನು ತೋರಿಸಿದೆ.

ನನ್ನ ಕೆಲಸದ ಗುಟ್ಟು ದೊಡ್ಡದೇನಲ್ಲ. ಸಂಕದ ಮಾತನ್ನು ನಾನಾಗಿ ಎತ್ತುತ್ತಿರಲಿಲ್ಲ. ಅವರು ಎತ್ತಿದರೆ ತಡೆಯುತ್ತಲೂ ಇರಲಿಲ್ಲ. ಹೊಸ ಹುಡುಗರು ಇಲ್ಲೇ ತಪ್ಪುತ್ತಿದ್ದರು. ಫಂಡು, ಎಸ್ಟಿಮೇಟು, ಟೆಂಡರು ಅಂತ ವಾದಕ್ಕೆ ಇಳಿಯುತ್ತಿದ್ದರು. ವಾದ ಮಾಡಿದರೆ ವೋಟು ಹೋಯಿತು. ಬೈಯಲು ಬಿಡಬೇಕು. ಬೈಯುವವರು ನಮ್ಮನ್ನು ಇನ್ನೂ ತಮ್ಮವರು ಅಂತ ತಿಳಿದಿದ್ದಾರೆ. ನಮಗೆ ಹೆದರಿಕೆ ಇದ್ದದ್ದು ಸುಮ್ನೆ ನಗುವವರದ್ದು. ಚಾ ಕೊಟ್ಟು, "ನೋಡುವಾ, ನೋಡುವಾ" ಅಂತ ನಕ್ಕು ಕಳಿಸುವ ಮನೆಗೆ ನಾನು ಹಾಕುತ್ತಿದ್ದದ್ದು ಪ್ರಶ್ನೆ ಚಿಹ್ನೆ.

ಬೈದೂ ವೋಟು ಹಾಕುತ್ತಿದ್ದದ್ದು ಯಾಕೆ? ನನಗೆ ಸಿಕ್ಕ ಉತ್ತರ ಅಕ್ಕನ ಮನೆಯ ಕ್ಯಾಲೆಂಡರಿನ ಹಿಂದೆ ಇತ್ತು. ಆಫೀಸುಗಳಿಂದ ಬರುವ ಕಾಗದಗಳನ್ನೆಲ್ಲ ಅವರು ಅಲ್ಲಿ ಸಿಕ್ಕಿಸಿ ಇಡುತ್ತಿದ್ದರು. ಎಲ್ಲ ಮಲಯಾಳದಲ್ಲಿ. ಅಕ್ಕ ಮಲಯಾಳ ಚೆನ್ನಾಗಿಯೇ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಕಲಿತದ್ದು ಕನ್ನಡ ಶಾಲೆಯಲ್ಲಿ, ನಾಲ್ಕನೇ ಕ್ಲಾಸಿನವರೆಗೆ. ತಿಂಗಳಿಗೊಮ್ಮೆ ನಾನು ಹೋಗಿ ಆ ಕಾಗದಗಳನ್ನು ಓದಿ ಹೇಳುತ್ತಿದ್ದೆ. ಒಮ್ಮೆ ಕ್ಷೇಮ ಪೆನ್ಷನಿನ ವಿಷಯದಲ್ಲಿ ಕಾಗದ ಬಂದಿತ್ತು. ಆದಾಯ ಸರ್ಟಿಫಿಕೇಟು ಕೊಡಬೇಕು, ಇಲ್ಲದಿದ್ದರೆ ಪೆನ್ಷನ್ ನಿಲ್ಲುತ್ತದೆ ಅಂತ. ಕೊನೆಯ ದಿನಕ್ಕೆ ಎರಡೇ ದಿನ ಉಳಿದಿತ್ತು. ಅಕ್ಕನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸರಕಾರಿ ಅರ್ಜಿ ಹಾಕುವ ಅಕ್ಷಯ ಕೇಂದ್ರಕ್ಕೆ ಹೋದೆ, ಅಲ್ಲಿಂದ ವಿಲೇಜ್ ಆಫೀಸಿಗೆ ಹೋದೆ. ಪೆನ್ಷನ್ ಉಳಿಯಿತು. 2021ರಿಂದ ಅದು ತಿಂಗಳಿಗೆ 1600 ರೂಪಾಯಿ ಆಗಿತ್ತು. ಅಕ್ಕನಂಥವರಿಗೆ ಅದೇನು ಸಣ್ಣ ದುಡ್ಡಾ?

ಅಲ್ಲಿಗೆ ಸಂಕದ ಲೆಕ್ಕ ಬೇರೆ, ಕಾಗದದ ಲೆಕ್ಕ ಬೇರೆ. ಸಂಕದ ಸಾಲ ನಾಯಕರದ್ದು. ಕಾಗದ ಓದುವವನು ನಾನು, ದಿನಾ ಕಣ್ಣೆದುರು ಇರುವವನು. ಅಕ್ಕ ಬೈಯುತ್ತಿದ್ದದ್ದು ನಾಯಕರಿಗೆ, ವೋಟು ಹಾಕುತ್ತಿದ್ದದ್ದು ಕಾಗದ ಓದಿದವನಿಗೆ. ಮಾತು ತಪ್ಪಿದವನನ್ನು ಜನ ಯಾಕೆ ಮತ್ತೆ ಗೆಲ್ಲಿಸುತ್ತಾರೆ ಅಂತ ಪೇಟೆಯವರು ತಲೆ ಕೆಡಿಸಿಕೊಳ್ಳುತ್ತಾರೆ. ಅವರ ಮನೆಗೆ ಓದಲಾಗದ ಕಾಗದ ಬರುವುದಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ಇಲ್ಲಿಯ ಕನ್ನಡದವರು ಸರಕಾರಿ ಆಫೀಸಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಕೇರಳದ ಭಾಷಾ ಕಾನೂನಿನಲ್ಲೇ ಅದು ಉಂಟು. ನನಗೆ ಗೊತ್ತಿತ್ತು. ಒಂದು ಅರ್ಜಿ ಬರೆದು ಹನ್ನೊಂದು ಮನೆಯವರ ಸಹಿ ಹಾಕಿಸಿ, "ನಮಗೆ ಕನ್ನಡದಲ್ಲಿ ಕಳಿಸಿ" ಅಂತ ಕೇಳಬಹುದಿತ್ತು. ಸಭೆಗಳಲ್ಲಿ ಭಾಷಾ ಅಲ್ಪಸಂಖ್ಯಾತರ ಹಕ್ಕು ಅಂತ ಭಾಷಣವನ್ನೂ ಮಾಡಿದ್ದೇನೆ. ಆದರೆ ಆ ಅರ್ಜಿ ಬರೆಯಲಿಲ್ಲ. ಬರೆದಿದ್ದರೆ ನನ್ನ ಅಂಗಡಿ ಬಂದ್ ಆಗುತ್ತಿತ್ತು.

ಆಸ್ಪತ್ರೆ ವಿಷಯವೂ ಹೀಗೆಯೇ. ಜೋರು ಕಾಯಿಲೆ ಬಂದರೆ ನಾವು ಓಡುವುದು ಮಂಗಳೂರಿಗೆ. ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದ್ದರು. 2020ರ ಮಾರ್ಚಿನಲ್ಲಿ ಕೊರೋನ ಬಂದು ಗಡಿ ಮುಚ್ಚಿದಾಗ, ರಸ್ತೆಗಳಿಗೆ ಮಣ್ಣು ಸುರಿದಾಗ, ಅಲ್ಲಿನ್ನೂ ಆಸ್ಪತ್ರೆ ನಡೆಯುತ್ತಿರಲಿಲ್ಲ. ಏಪ್ರಿಲಿನಲ್ಲಿ ಕಾಲೇಜಿನ ಕಟ್ಟಡವನ್ನೇ ಗಡಿಬಿಡಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ಆ ದಿನಗಳಲ್ಲಿ ಜನರಿಗೆ ಬಂದ ಸಿಟ್ಟು ಸಣ್ಣದಲ್ಲ. ಇನ್ನು ಎಲ್ಲ ಪಕ್ಷದವರಿಗೂ ಸರಿಯಾಗಿ ಬೀಳುತ್ತದೆ ಅಂತ ನಾನು ಎಣಿಸಿದ್ದೆ. ಮರುವರ್ಷ ಸ್ಲಿಪ್ ಹಿಡಿದು ಮನೆ ಮನೆಗೆ ಹೋದರೆ ಜನ ನೆನಪಿಟ್ಟದ್ದು ಬೇರೆಯೇ. ಡಯಾಲಿಸಿಸಿನವರಿಗೆ ಗಾಡಿ ಮಾಡಿಕೊಟ್ಟವರು ಯಾರು, ಬಿಪಿ ಮಾತ್ರೆ ತಂದುಕೊಟ್ಟವರು ಯಾರು. ಕಲ್ಲು ಹಾಕಿದ ವರ್ಷ ಯಾರಿಗೂ ನೆನಪಿರಲಿಲ್ಲ.

ನನ್ನ ಅಪ್ಪನ ಕಾಲದ ಮಾತು ಇನ್ನೂ ದೊಡ್ಡದಿತ್ತು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. 1957ರ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಉಮೇಶ್ ರಾವ್ ಅವಿರೋಧವಾಗಿ ಆರಿಸಿ ಬಂದರು. ಆಮೇಲೆ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅನ್ನುತ್ತಿದ್ದ ಕರ್ನಾಟಕ ಸಮಿತಿಯ ಮಹಾಬಲ ಭಂಡಾರಿ ಗೆದ್ದರು. 1967ರಲ್ಲಿ ಮಹಾಜನ ಆಯೋಗದ ವರದಿಯೂ ಬಂತು, ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ. ಸೇರಲಿಲ್ಲ. ಅದು ಇಲ್ಲಿಯ ಶಾಸಕರ ಕೈಯಲ್ಲಿ ಇದ್ದ ಕೆಲಸವೂ ಅಲ್ಲ ಅನ್ನಿ. "ನೀವು ಹಾಕಿದ ವೋಟಿನಿಂದ ಎಂತ ಆಯ್ತು?" ಅಂತ ಅಪ್ಪನನ್ನು ಒಮ್ಮೆ ಕೇಳಿದ್ದೆ. ಅಪ್ಪ ವೀಳ್ಯದೆಲೆಯ ತೊಟ್ಟು ಮುರಿಯುತ್ತಾ, "ಆಗ್ಲಿಕ್ಕೆ ಅಂತ ಹಾಕಿದ್ದಾ? ನಾವು ಇದ್ದೇವೆ ಅಂತ ಗೊತ್ತಾಗ್ಲಿಕ್ಕೆ ಹಾಕಿದ್ದು" ಅಂದರು.

ಅದರ ಮೇಲೆ ಪೈಪೋಟಿ ಬೇರೆ. ನಮ್ಮ ಕ್ಷೇತ್ರದಲ್ಲಿ 2016ರಲ್ಲಿ ಸೋಲು ಗೆಲುವು ತೀರ್ಮಾನ ಆದದ್ದು 89 ವೋಟಿಗೆ. 2021ರಲ್ಲಿ 745ಕ್ಕೆ. ಇಂಥ ಕಡೆ ನಮ್ಮವರ ಮೇಲೆ ಸಿಟ್ಟು ತೀರಿಸಲು ಜಾಗವೇ ಇಲ್ಲ. "ಸಂಕ ಆಗಲಿಲ್ಲ ಅಕ್ಕಾ, ಒಪ್ಪಿದೆ. ಆದ್ರೆ ಅವರು ಬಂದ್ರೆ?" ಅಂತ ಒಂದು ಪ್ರಶ್ನೆ ಸಾಕಿತ್ತು. ಮುಂದಿನದ್ದನ್ನು ಅವರೇ ಹೇಳುತ್ತಿದ್ದರು. ನಾನು ಈ ಪ್ರಶ್ನೆಯನ್ನು ಎಷ್ಟು ಸಲ ಬಳಸಿದ್ದೇನೋ ಲೆಕ್ಕ ಇಲ್ಲ. ಹೆಮ್ಮೆಯಿಂದ ಹೇಳುತ್ತಿಲ್ಲ.

ಎಂಎ ಓದುವ ತಂಗಿಯ ಮಗಳು ನನ್ನ ಕಥೆ ಕೇಳಿ ಅಮೆರಿಕದ ಒಂದು ಸಂಗತಿ ಹೇಳಿದಳು. 1954ರ ಡಿಸೆಂಬರ್ 21ಕ್ಕೆ ಪ್ರಳಯ ಆಗುತ್ತದೆ ಅಂತ ನಂಬಿದ ಒಂದು ಗುಂಪು ಇತ್ತಂತೆ. ಲಿಯಾನ್ ಫೆಸ್ಟಿಂಗರ್ ಅನ್ನುವ ಮನಶ್ಶಾಸ್ತ್ರಜ್ಞ ತನ್ನ ಜನರನ್ನು ಆ ಗುಂಪಿನ ಒಳಗೇ ಸೇರಿಸಿ ಗಮನಿಸಿದ. ಪ್ರಳಯ ಆಗಲಿಲ್ಲ. ಆದರೆ ಕೆಲಸ, ಆಸ್ತಿ ಬಿಟ್ಟು ಬಂದವರು ನಂಬಿಕೆ ಬಿಡಲಿಲ್ಲ ಅಂತ ಅವನು ಬರೆದಿದ್ದಾನಂತೆ. ನಮ್ಮ ಭಕ್ತಿಯಿಂದಲೇ ಲೋಕ ಉಳಿಯಿತು ಅಂತ ಊರಿಗೆಲ್ಲ ಸಾರಿದರಂತೆ. "ಮಾವಾ, ನಿಮ್ಮ ವೋಟರುಗಳೂ ಹೀಗೆಯೇ ಅಲ್ವಾ?" ಅಂತ ಕೇಳಿದಳು.

ಅಲ್ಲ. ಅಕ್ಕ ಒಂದು ದಿನವೂ ಸಂಕ ಬರುತ್ತದೆ ಅಂತ ನಂಬಲಿಲ್ಲ. ನಂಬಿದ್ದು ನಾನು. ಫಂಡು ಬಂದಿದೆ, ಆಫೀಸರು ತಡೆದಿದ್ದಾರೆ, ಮುಂದಿನ ಬಜೆಟಿನಲ್ಲಿ ಖಂಡಿತ ಅಂತ ಊರಿಗೆ ಹೇಳುವ ಮೊದಲು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಇಪ್ಪತ್ತಾರು ವರ್ಷ ತಿರುಗಾಡಿದವನಿಗೆ ಬೇರೆ ದಾರಿ ಇರಲಿಲ್ಲ. 2021ರ ಚುನಾವಣೆ ಮುಗಿದ ಮೇಲೆ ಮೊಣಕಾಲು ನೋವು ಅಂತ ಹೇಳಿ ಬಿಟ್ಟೆ. ನೋವು ಇದ್ದದ್ದು ನಿಜ.

2025ರ ಡಿಸೆಂಬರಿನಲ್ಲಿ ಪಂಚಾಯತು ಚುನಾವಣೆ ಬಂತಲ್ಲ, ಆಗ ನಮ್ಮ ಬೂತಿನ ಹೊಸ ಹುಡುಗ ಮನೆಗೆ ಬಂದ. ಚುರುಕು ಹುಡುಗ. ಈಗ ಪಟ್ಟಿ, ಪೆನ್ಸಿಲು ಇಲ್ಲ, ಎಲ್ಲ ಮೊಬೈಲಿನಲ್ಲಿ. ಮನೆ ನಮ್ಮದಾದರೆ ಹಸಿರು, ಅಲ್ಲದಿದ್ದರೆ ಕೆಂಪು. ತೋಡಿನ ಆಚೆ ಪೂರಾ ಹಸಿರು ಅಂತ ತೋರಿಸಿದ. ಸಂಕದ ಆಚೆಯ ಅಕ್ಕ ಹೇಗಿದ್ದಾರೆ, ಕಾಗದ ಗೀಗದ ಓದಿಕೊಟ್ಟೆಯಾ ಅಂತ ಕೇಳಿದೆ.

"ಅದೆಲ್ಲ ಈಗ ಬೇಡ ಅಣ್ಣಾ. ಮೊಮ್ಮಗ ಮೊಬೈಲ್ ಹಿಡಿದ್ರೆ ಮಲಯಾಳ ಇದ್ದದ್ದು ಕನ್ನಡ ಆಗ್ತದೆ. ಅವನೇ ಓದಿ ಹೇಳ್ತಾನೆ."

"ನಿನಗೆ ಬೈದ್ರಾ?"

"ಇಲ್ಲಪ್ಪ. ಭಾರೀ ಒಳ್ಳೆಯವರು. ನೀವು ಸುಮ್ನೆ ಹೆದರಿಸಿದ್ದು. ಸಂಕದ ಸುದ್ದಿಯೇ ಇಲ್ಲ. ಚಾ ಕೊಟ್ರು, ಗೋಳಿಬಜೆ ಕೊಟ್ರು. ನೋಡುವಾ ಮಗಾ ಅಂತ ನಕ್ಕು ಕಳಿಸಿದ್ರು."

ಆ ಮೊಬೈಲಿನಲ್ಲಿ ಪ್ರಶ್ನೆ ಚಿಹ್ನೆ ಹಾಕಲಿಕ್ಕೆ ಆಗ್ತದಾ ಅಂತ ಕೇಳಿದೆ.