ತೋಟಕ್ಕೊಂದು, ರೆಸಾರ್ಟಿಗೊಂದು: ಕೊಡಗಿನಲ್ಲಿ ಕೆಲಸ ಹುಡುಕುವವರ ರೆಸ್ಯೂಮೆ

ಡಿಟಿಪಿ ಅಂಗಡಿಗಳ ಕಂಪ್ಯೂಟರಿನಲ್ಲಿ ಯಾರದೋ ಹಳೇ ಬಯೋಡೇಟಾ ಒಂದು ಇದ್ದೇ ಇರುತ್ತದೆ. ಅದರಲ್ಲೇ ಹೆಸರು, ವಿಳಾಸ ತಿದ್ದಿ ಪ್ರಿಂಟ್ ಕೊಡುತ್ತಾರೆ. ಮಡಿಕೇರಿಯದಾಗಲಿ ಗೋಣಿಕೊಪ್ಪದ್ದಾಗಲಿ, ಎಷ್ಟೋ ರೆಸ್ಯೂಮೆಗಳು ಅವಳಿಜವಳಿಯಂತೆ ಕಾಣುವುದು ಅದಕ್ಕೇ. ತಂದೆಯ ಹೆಸರು, ಜಾತಿ, ಧರ್ಮ, ಹವ್ಯಾಸ, ಕೊನೆಗೆ ‘ಮೇಲಿನ ವಿವರಗಳೆಲ್ಲ ಸತ್ಯ’ ಎಂಬ ಘೋಷಣೆ: ಮೊದಲು ಇವನ್ನೆಲ್ಲ ಅಳಿಸಿ. ಆಧಾರ್ ನಂಬರ್ ಅಂತೂ ಬೇಡವೇ ಬೇಡ. ಕೆಲಸ ಸಿಕ್ಕ ಮೇಲೆ ಕೊಟ್ಟರೆ ಸಾಕು.

ಹತ್ತು ವರ್ಷದೊಳಗಿನ ಅನುಭವಕ್ಕೆ ಎ4 ಒಂದೇ ಪುಟ, 11ರ ಅಕ್ಷರ, ಸುತ್ತ 2 ಸೆಂ.ಮೀ. ಅಂಚು. ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಇರಲಿ. ಮನೆತನದ ಹೆಸರನ್ನು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಬರೀ ಇನಿಶಿಯಲ್ ಬರೆದರೆ ಮುಂದೆ ಪಿಎಫ್ ಖಾತೆ ತೆರೆಯುವಾಗ ತಲೆನೋವು.

ಹೆಸರಿನ ಕೆಳಗೆ ಮೂರು ಸಾಲು. ‘ಸವಾಲಿನ ವಾತಾವರಣದಲ್ಲಿ ಬೆಳೆಯುವ ಬಯಕೆ’ಯನ್ನು ಓದಿ ಯಾರೂ ಕೆಲಸ ಕೊಟ್ಟಿಲ್ಲ. ಯಾವ ಕೆಲಸ ಬಲ್ಲಿರಿ, ಎಷ್ಟು ವರ್ಷ ಮಾಡಿದ್ದೀರಿ, ಯಾವಾಗಿನಿಂದ ಬರಬಲ್ಲಿರಿ, ಅಷ್ಟು ಬರೆಯಿರಿ.

ಹೆಚ್ಚು ಹೊತ್ತು ಕೂರಬೇಕಾದದ್ದು ಅನುಭವದ ಭಾಗದ ಮೇಲೆ. ತೋಟದ ರೈಟರ್ (ಆಳುಗಳ ಹಾಜರಿ, ಲೆಕ್ಕ ನೋಡುವವರು) ಕೆಲಸಕ್ಕೆ ಬರುವ ಸಾಮಾನ್ಯ ಸಾಲು ಇದು: ‘ಕಾಫಿ ತೋಟದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ ಅನುಭವವಿದೆ.’ ಸಾಹುಕಾರರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಅದನ್ನೇ ಹೀಗೆ ಬರೆಯಬಹುದು:

‘60 ಎಕರೆ ರೊಬಸ್ಟಾ, ನಡುವೆ ಕರಿಮೆಣಸು. ಕೊಯ್ಲಿನಲ್ಲಿ ದಿನಕ್ಕೆ 45 ಆಳುಗಳ ಚೆಕ್‌ರೋಲ್, ಹಣ್ಣಿನ ತೂಕ, ವಾರದ ಬಟವಾಡೆ. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಪಾಳಿ ನೋಡಿಕೊಂಡದ್ದು. ಕಣದಲ್ಲಿ ತೇವಾಂಶ ಮೀಟರ್ ಬಳಕೆ. ಎಕ್ಸೆಲ್‌ನಲ್ಲಿ ಲೆಕ್ಕ.’

(ಚೆಕ್‌ರೋಲ್ ಎಂದರೆ ಆಳುಗಳ ಹಾಜರಿ ಪಟ್ಟಿ, ಹೂಮಳೆ ಎಂದರೆ ಕಾಫಿ ಹೂ ಅರಳಿಸುವ ಮಳೆ.) ಅನುಭವ ಅದೇ ನಾಲ್ಕು ವರ್ಷ. ಆದರೆ ನೆರಳುಮರದ ಕೊಂಬೆ ಸವರುವ ಮರಕಸಿಯಿಂದ ಕಾಫಿ ಮೂಟೆಯವರೆಗೆ ಯಾವ ಕೆಲಸ ನಿಮ್ಮ ಕೈಯಲ್ಲಿತ್ತು ಎಂಬುದು ಈಗ ಕಾಣುತ್ತದೆ. ಅಂಕಿಗಳು ನಿಜವಾಗಿರಲಿ. ಕೊಡಗು ಚಿಕ್ಕ ಜಿಲ್ಲೆ, ನಿಮ್ಮ ಅರ್ಜಿ ಬೆಳಿಗ್ಗೆ ತಲುಪಿದರೆ ಸಂಜೆಯೊಳಗೆ ಹಳೇ ತೋಟಕ್ಕೆ ಫೋನ್ ಹೋಗಿರುತ್ತದೆ.

ರೆಸಾರ್ಟಿಗೆ ಇದೇ ಹಾಳೆ ಕಳಿಸಿದರೆ ಪ್ರಯೋಜನವಿಲ್ಲ. ಎಷ್ಟು ರೂಮುಗಳ ಜಾಗ, ಯಾವ ಬುಕಿಂಗ್ ಸಾಫ್ಟ್‌ವೇರ್, ವಿದೇಶಿ ಅತಿಥಿಗಳ ವಿವರ ಸರ್ಕಾರಕ್ಕೆ ಕೊಡುವ ಫಾರಂ (ಹಿಂದಿನ ಸಿ-ಫಾರಂ) ತುಂಬಿಸಿ ಗೊತ್ತೇ, ರಾತ್ರಿ ಪಾಳಿಗೆ ಸಿದ್ಧರೇ, ಅವರಿಗೆ ಬೇಕಾದದ್ದು ಇವು. ಭಾಷೆಗಳನ್ನು ಇಲ್ಲಿ ಮೇಲಕ್ಕೆ ತನ್ನಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಹಿಂದಿ ನಮ್ಮಲ್ಲಿ ಅನೇಕರಿಗೆ ನಾಲಿಗೆ ತುದಿಯಲ್ಲೇ ಇರುತ್ತವೆ, ಆದರೆ ‘ಮನೆಮಾತು ತಾನೇ’ ಎಂದು ಬರೆಯದೇ ಬಿಡುತ್ತೇವೆ. ಕೇರಳದ ಅತಿಥಿಗಳು ತುಂಬಿರುವ ರೆಸಾರ್ಟಿನಲ್ಲಿ ಮಲಯಾಳ ಬಲ್ಲವರಿಗೆ ಬೆಲೆ ಬೇರೆಯೇ. ಯಾವುದು ಮಾತಿಗೆ ಮಾತ್ರ, ಯಾವುದು ಓದಲು ಬರೆಯಲೂ ಬರುತ್ತದೆ ಎಂದು ಬಿಡಿಸಿ ಹೇಳಿ. ಮನೆಯ ಹೋಂಸ್ಟೇ ನೋಡಿಕೊಂಡಿದ್ದರೆ ಅದೂ ಅನುಭವವೇ. ಓದು ಮುಗಿಸಿ ಎರಡು ವರ್ಷ ಸ್ವಂತ ತೋಟ ನೋಡಿಕೊಂಡಿದ್ದರೆ ಆ ವರ್ಷಗಳನ್ನು ಖಾಲಿ ಬಿಡಬೇಡಿ.

ಸೈನ್ಯದಿಂದ ನಿವೃತ್ತರಾದವರು ಸೈನ್ಯದ ಸಂಕ್ಷಿಪ್ತ ಪದಗಳನ್ನು ಬಿಡಿಸಿ ಬರೆಯಬೇಕು. ‘ಎಂಟಿಯಲ್ಲಿದ್ದೆ’ (ಅಂದರೆ ಸೈನ್ಯದ ವಾಹನ ವಿಭಾಗದಲ್ಲಿ) ಎಂದರೆ ಕಂಪನಿಯವರಿಗೆ ಅರ್ಥವಾಗದು. ಎಷ್ಟು ವಾಹನಗಳ ಉಸ್ತುವಾರಿ, ಹೆವಿ ಲೈಸೆನ್ಸ್ ಎಂದಿನವರೆಗೆ ಎಂದು ಬರೆದರೆ ಆಗುತ್ತದೆ.

ಮೈಸೂರು, ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಎಷ್ಟೋ ಸಲ ಮೊದಲು ಓದುವುದು ಸಾಫ್ಟ್‌ವೇರ್. ಎರಡು ಕಾಲಂ, ಬಣ್ಣದ ಪಟ್ಟಿ, ಕೌಶಲಕ್ಕೆ ನಕ್ಷತ್ರ ಗುರುತು ಹಾಕಿದ ಚೆಂದದ ಟೆಂಪ್ಲೇಟುಗಳು ಅಲ್ಲೇ ಎಡವುತ್ತವೆ. ಕಾಲಂಗಳ ಸಾಲು ಒಂದಕ್ಕೊಂದು ಬೆರೆತುಹೋಗುತ್ತದೆ, ಚಿತ್ರದೊಳಗಿನ ಅಕ್ಷರ ಕಾಣದೇ ಹೋಗಬಹುದು. ಜಾಹೀರಾತಿನಲ್ಲಿ ಕೆಲಸವನ್ನು ಯಾವ ಪದದಲ್ಲಿ ಕರೆದಿದ್ದಾರೋ, ನಿಮಗದು ನಿಜಕ್ಕೂ ಬರುವುದಾದರೆ, ಅದೇ ಪದ ಬಳಸಿ. ಕನ್ನಡದಲ್ಲಿ ಬರೆಯುವಾಗ ಹಳೇ ನುಡಿ, ಬರಹ ಫಾಂಟ್ ಬೇಡ. ವರ್ಡ್ ಕಡತ ಇನ್ನೊಬ್ಬರ ಮೊಬೈಲಿನಲ್ಲಿ ತೆರೆದಾಗ ಕನ್ನಡದ ಬದಲು ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ ಬರುತ್ತದೆ. ಯೂನಿಕೋಡ್‌ನಲ್ಲಿ ಟೈಪಿಸಿ ಪಿಡಿಎಫ್ ಮಾಡಿ.

ಕಡತಕ್ಕೆ ನಿಮ್ಮ ಹೆಸರು, ಕೆಲಸದ ಹೆಸರು ಇಡಿ. ‘ನ್ಯೂ ಫೈನಲ್ 2’ ವಾಟ್ಸ್ಆ್ಯಪ್‌ನಲ್ಲಿ ಹುಡುಕಿದರೂ ಸಿಗದು. ಜೊತೆಗೆ ಎರಡು ಫೋನ್ ನಂಬರ್ ಕೊಡಿ, ಬೇರೆ ಬೇರೆ ಕಂಪನಿಯ ಸಿಮ್ ಆದರೆ ಒಳ್ಳೆಯದು. ಜುಲೈ ಗಾಳಿಮಳೆಗೆ ಕರೆಂಟ್ ಹೋಗಿ ಟವರ್ ಸತ್ತ ದಿನವೇ ಸಂದರ್ಶನದ ಕರೆ ಬಂದರೆ, ಪೇಟೆಯಲ್ಲಿರುವ ಅಣ್ಣನ ನಂಬರ್ ಆದರೂ ರಿಂಗಾಗಬೇಕು. ಅಣ್ಣನಿಗೆ ವಿಷಯ ಮೊದಲೇ ಹೇಳಿಡಿ.